ಬಂದ ಜ್ವರ, ಉಳಿದ ಜ್ವರ

ನಮ್ಮೂರಿನಲ್ಲಿ ಯಾರೂ ತಮ್ಮ ಜ್ವರವನ್ನು ತಾವೊಬ್ಬರೇ ಅನುಭವಿಸುವುದಿಲ್ಲ. ಹಾಗೆ ಅನುಭವಿಸಬೇಕಾಗಿ ಬಂದರೆ ಅದು ಮನೆಮಂದಿಗಷ್ಟೇ ಅಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರಿಗೂ ನಾಚಿಕೆಯ ವಿಷಯ. ಒಬ್ಬರಿಗೆ ನೂರಮೂರು ಡಿಗ್ರಿ ಬಂತೆನ್ನಿ. ಸುದ್ದಿ ಕೇಳಿದವರು ಒಬ್ಬೊಬ್ಬರಾಗಿ ಬರುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು ಮಂಚದ ಪಕ್ಕ ಕೂರುತ್ತಾರೆ, "ಎಲ್ಲಿ, ಕೈ ಕೊಡು" ಅನ್ನುತ್ತಾರೆ. ರೋಗಿ ಕೈ ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಬಂದವರ ಕಿವಿ ಬಿಸಿಯಾಗುತ್ತದೆ, ಕಣ್ಣು ಕೆಂಪಾಗುತ್ತದೆ, ಮಂಡಿ ನೋಯತೊಡಗುತ್ತದೆ. ರೋಗಿಗೆ ಅಷ್ಟು ಇಳಿಯುತ್ತದೆ. ರೋಗ ಅವನಲ್ಲೇ ಇರುತ್ತದೆ, ಅದು ದಾಟುವುದಿಲ್ಲ. ದಾಟುವುದು ಅದರ ಕಾವು, ನೋವು, ಅಷ್ಟೆ. ಒಬ್ಬರು ಒಂದು ಡಿಗ್ರಿ, ಇನ್ನೊಬ್ಬರು ಅರ್ಧ, ಹೀಗೆ ಹಂಚಿಕೊಂಡು ಮನೆಗೆ ಹೋಗಿ ಮೆಣಸಿನ ಸಾರು ಕುಡಿದು ಮಲಗುತ್ತಾರೆ. ಬೆಳಿಗ್ಗೆ ಎದ್ದು ತಂತಮ್ಮ ಕೆಲಸಕ್ಕೆ ಹೋಗುತ್ತಾರೆ.

ಎಷ್ಟು ತೆಗೆದುಕೊಂಡೆ ಎಂದು ಹೇಳಿಕೊಳ್ಳುವುದು ಮಾತ್ರ ನಮ್ಮಲ್ಲಿ ಬಹಳ ಕೀಳು. ತೆಗೆದುಕೊಂಡವರು ಹೇಳುವುದಿಲ್ಲ, ಕೊಟ್ಟವರು ಕೇಳುವುದಿಲ್ಲ. ಹಾಗಂತ ಊರಿಗೆ ಗೊತ್ತಿರುವುದಿಲ್ಲವೆ? ಗಾಣದ ಗುರುಸಿದ್ದಪ್ಪ ರೋಗಿಯ ಕಿರುಬೆರಳ ತುದಿಯನ್ನಷ್ಟೇ ಮುಟ್ಟಿ, ಕಾಲು ಡಿಗ್ರಿ ಒಯ್ದು, ಎರಡು ದಿನ ಕಂಬಳಿ ಹೊದ್ದು ನರಳುವುದು ಎಲ್ಲರಿಗೂ ಗೊತ್ತು. ಎಂಬತ್ತು ದಾಟಿದ ತಿಪ್ಪಕ್ಕಜ್ಜಿ ಎರಡೂ ಕೈಯಲ್ಲಿ ಹಿಡಿದು ಎರಡೆರಡು ಡಿಗ್ರಿ ಸೆಳೆದುಕೊಂಡು, ಏನೂ ಆಗದವಳ ಹಾಗೆ ಕೋಲೂರಿಕೊಂಡು ನಡೆದು ಹೋಗುವುದೂ ಗೊತ್ತು. ಜ್ವರದ ಕೈಗೆ ಗಂಡು ಹೆಣ್ಣು ಇಲ್ಲ, ಜಾತಿ ಇಲ್ಲ. ಜಗಳವಾಡಿ ಮಾತು ಬಿಟ್ಟವರು ಕೂಡ ಬಂದು, ಮುಖ ಆಚೆ ತಿರುಗಿಸಿಕೊಂಡು, ಕೈ ಹಿಡಿದು ಹೋಗುತ್ತಾರೆ.

ನನ್ನ ಹೆಸರು ಶಾಕಾಂಬರಿ. ಊರಿನ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದೆ. ಯಾರದೇ ಕೈ ಹಿಡಿದರೂ ಜ್ವರ ಎಷ್ಟಿದೆ, ನನಗೆ ಎಷ್ಟು ಬಂತು, ಅವರಲ್ಲಿ ಎಷ್ಟು ಉಳಿಯಿತು ಎಂದು ಒಂದು ಪಾಯಿಂಟ್ ಆಚೀಚೆಯಾಗದಂತೆ ಹೇಳಬಲ್ಲೆ. ಜಂಭ ಅಂದುಕೊಂಡರೂ ಅಡ್ಡಿಯಿಲ್ಲ, ಇರುವುದು ಅದೊಂದೇ ಜಂಭ. ನಮ್ಮ ದವಾಖಾನೆಯಲ್ಲಿ ಒಂದು ಪದ್ಧತಿ ಇತ್ತು. ನೆಂಟರಿಷ್ಟರೆಲ್ಲ ಕೈ ಹಿಡಿದು ಹೋದ ಮೇಲೆಯೇ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುವುದು. ಔಷಧ ಬೇಕಾಗುವುದು ಉಳಿದ ಜ್ವರಕ್ಕೆ ತಾನೆ? ಬಂದ ಜ್ವರ ಊರಿನದು, ಉಳಿದ ಜ್ವರ ಡಾಕ್ಟರದು ಎಂದು ನಾವು ಅನ್ನುತ್ತಿದ್ದೆವು. ಈ ಪದ್ಧತಿ ನನ್ನ ಕೈಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅದು ಒಂದು ದಿನ ಒಂಬೈನೂರು ಜನರ ಪ್ರಾಣಕ್ಕೆ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ಸುಣ್ಣದ ಕಲ್ಲಿನ ಲಾರಿ ಓಡಿಸುತ್ತಿದ್ದ. ಮದುವೆಯಾಗಿ ಆರನೆಯ ವರ್ಷ, ದೂರದ ಯಾವುದೋ ಊರಿನ ಲಾಡ್ಜಿನಲ್ಲಿ ಅವನಿಗೆ ಜ್ವರ ಬಂತು. ಅಲ್ಲಿಯವರು ಒಳ್ಳೆಯವರೇ. ಔಷಧ ತಂದುಕೊಟ್ಟರು, ಗಂಜಿ ಕಾಯಿಸಿಕೊಟ್ಟರು. ಆದರೆ ಕೈ ಹಿಡಿಯಬೇಕೆಂದು ಅವರಿಗೆ ತಿಳಿದಿರಲಿಲ್ಲ, ಹಿಡಿದಿದ್ದರೂ ಏನೂ ಆಗುತ್ತಿರಲಿಲ್ಲ. ಅವನು ಮೂರು ದಿನ ತನ್ನ ಜ್ವರದಲ್ಲಿ ತಾನೊಬ್ಬನೇ ಸುಟ್ಟುಕೊಂಡು ಸತ್ತ. ಅಂದಿನಿಂದ ಮಂಚದ ಪಕ್ಕ ಯಾರೂ ಇಲ್ಲದ ರೋಗಿಯನ್ನು ಕಂಡರೆ ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು.

ಊರಾಚೆಯ ಮುಚ್ಚಿಹೋದ ನೂಲಿನ ಗಿರಣಿಗೆ ಮಿಲಿಟರಿಯವರು ಬಂದದ್ದು ನಾನು ಕೆಲಸದಿಂದ ನಿವೃತ್ತಳಾದ ವರ್ಷ. ಕಿಟಕಿಗಳಿಗೆಲ್ಲ ಸೊಳ್ಳೆಯ ಜಾಲರಿ ಹೊಡೆಸಿ, ನಲವತ್ತು ಕಬ್ಬಿಣದ ಮಂಚ ಹಾಕಿಸಿದರು. ನಡೆಸುವವರು ಮೇಜರ್ ದೇಚಮ್ಮ ಎಂಬ ಡಾಕ್ಟರು, ನಲವತ್ತೈದರ ಹೆಂಗಸು, ಬೆನ್ನು ಕೋಲಿನ ಹಾಗೆ ನೆಟ್ಟಗೆ. ಊರಿನವರನ್ನೆಲ್ಲ ಗಿರಣಿಯ ಅಂಗಳಕ್ಕೆ ಕರೆಸಿ ವಿಷಯ ತಿಳಿಸಿದರು. ಗಡಿಯಲ್ಲಿ ಒಂದು ದೊಡ್ಡ ಜೌಗು ಇದೆಯಂತೆ. ಅಲ್ಲಿಯ ಸೊಳ್ಳೆ ಕಚ್ಚಿದರೆ ಹತ್ತು ದಿನದ ಜ್ವರ. ಗುಂಡಿಗೆ ಸತ್ತ ಸಿಪಾಯಿಗಳಿಗಿಂತ ಆ ಜ್ವರಕ್ಕೆ ಸತ್ತವರೇ ಹೆಚ್ಚಂತೆ. ಮದ್ದು ಇದೆ, ಆದರೆ ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಬೇಕು. ಸೊಂಟದಷ್ಟು ನೀರಿನಲ್ಲಿ ಆ ಪೆಟ್ಟಿಗೆ ಹೊತ್ತುಕೊಂಡು ಹೋಗುವುದರೊಳಗೆ ಮನುಷ್ಯ ಇರುವುದಿಲ್ಲ. ಅದಕ್ಕೇ ಜ್ವರ ಬರುವ ಮುಂಚೆಯೇ ಹಾಕುವ ಒಂದು ಲಸಿಕೆ ಕಂಡುಹಿಡಿದಿದ್ದರು. ಅದು ಒಂದು ಸೂಜಿ ಸಾಕೋ, ಒಂದೂವರೆ ತಿಂಗಳು ಬಿಟ್ಟು ಎರಡನೆಯದೂ ಬೇಕೋ ಎಂಬುದು ಪ್ರಶ್ನೆ. ಈ ನಲವತ್ತು ಸಿಪಾಯಿಗಳಲ್ಲಿ ಇಪ್ಪತ್ತು ಜನಕ್ಕೆ ಒಂದು, ಇಪ್ಪತ್ತು ಜನಕ್ಕೆ ಎರಡು ಹಾಕಿ ಕರೆತಂದಿದ್ದರು. ಯಾರಿಗೆ ಎಷ್ಟು ಎಂಬುದು ಅರಗು ಹಾಕಿದ ಲಕೋಟೆಯೊಳಗಿತ್ತು, ಮೇಜರ್‌ಗೂ ಗೊತ್ತಿರಲಿಲ್ಲ. ಈಗ ಅವರಿಗೆಲ್ಲ ಪಳಗಿಸಿದ ಜ್ವರವನ್ನು ಬೇಕೆಂತಲೇ ಕೊಟ್ಟು, ಯಾರಿಗೆ ಎಷ್ಟು ಏರುತ್ತದೆ ಎಂದು ನೋಡುವುದು. ನೂರನಾಲ್ಕು ಮುಟ್ಟಿದರೆ ತಕ್ಷಣ ಮದ್ದು.

"ಇವರನ್ನ ಯಾರೂ ಬಲವಂತ ಮಾಡಿಲ್ಲ," ಎಂದರು ಮೇಜರ್. "ಮುಂದೆ ಜೌಗಿಗೆ ಇಳಿಯೋ ಅಣ್ಣತಮ್ಮಂದಿರಿಗಾಗಿ ತಾವಾಗೇ ಮುಂದೆ ಬಂದಿದ್ದಾರೆ. ಕೈಯಿಂದ ಕೈಗೆ ಅಂಟೋ ಕಾಯಿಲೆ ಅಲ್ಲ ಇದು, ನೀವು ಧೈರ್ಯವಾಗಿ ಬಂದು ಮಾತಾಡಿಸಬಹುದು. ನಿಮ್ಮ ಹತ್ತಿರ ನನ್ನದೊಂದೇ ಕೋರಿಕೆ. ಕೊನೇತನಕ ನಮ್ಮ ಹುಡುಗರ ಕೈ ಹಿಡೀರಿ. ಮಧ್ಯದಲ್ಲಿ ಕೈ ಬಿಡಬೇಡಿ."

ಅಂಗಳದಲ್ಲಿ ಚಪ್ಪಾಳೆಯೋ ಚಪ್ಪಾಳೆ. ತಿಪ್ಪಕ್ಕಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ತಿಳಿದ ಹೆಣ್ಣುಮಗಳು ಕಣೆ ಶಾಕಾಂಬರಿ! ಹೊರಗಿನೋಳಾದ್ರೂ ಬಾಯಿಬಿಟ್ಟು ಕೇಳಿದ್ಲಲ್ಲ," ಎಂದಳು. ನಮ್ಮೂರಿನ ವಿಷಯ ಅವರಿಗೆ ತಿಳಿದಿದೆಯೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ಅನ್ನ ತಿಂದರೆ ಹೊಟ್ಟೆ ತುಂಬುತ್ತದೆ ಎಂದು ಊರಿಗೆ ಬಂದವರಿಗೆ ಯಾರಾದರೂ ಹೇಳುತ್ತಾರೆಯೆ?

ಥರ್ಮಾಮೀಟರ್ ಇಟ್ಟು ಪಟ್ಟಿಯಲ್ಲಿ ಬರೆಯುವ ಕೆಲಸಕ್ಕೆ ನನ್ನನ್ನು ಕರೆದರು. ದಿನಕ್ಕೆ ನಾಲ್ಕು ಸಲ, ನಲವತ್ತು ಮಂಚ. ಸಿಪಾಯಿಗಳು ನನ್ನ ಹೆಸರನ್ನು ಮೊಟಕು ಮಾಡಿ 'ಶಾಕ್ ಅಕ್ಕ' ಎಂದು ಕರೆಯತೊಡಗಿದರು. ಹದಿನೇಳನೆಯ ಮಂಚದ ಯಮನೂರಿ ಮಾತ್ರ 'ಅಕ್ಕಾರ' ಎನ್ನುತ್ತಿದ್ದ. ಇಪ್ಪತ್ತಮೂರರ ಹುಡುಗ, ಮಂಚಕ್ಕಿಂತ ಒಂದು ಗೇಣು ಉದ್ದ, ತಲೆಯಿಂದ ಅಗಲಕ್ಕೆ ನಿಂತ ಕಿವಿ. ಬಡಗಣ ಸೀಮೆಯವನು. ಜ್ವರ ಶುರುವಾದ ಎರಡನೆಯ ದಿನ ನಾನು ಅವನ ಮಂಚದ ಪಕ್ಕ ಕೂತು, "ಕೈ ಕೊಡಪ್ಪ," ಎಂದೆ.

ಅವನು ನಗಲು ಹೋಗಿ ಕೆಮ್ಮಿದ. "ನಮ್ಮ ಕಡಿ ಹಂಗನ್ನಬ್ಯಾಡ್ರಿ ಅಕ್ಕಾರ. ಕೈ ಕೊಡೂದು ಅಂದ್ರ ಮೋಸ ಮಾಡೂದು. ನಂಬಿದವ್ರನ್ನ ನಡುನೀರಾಗ ಬಿಟ್ಟು ಓಡಿಹೋದ್ರ, ಕೈ ಕೊಟ್ಟ ಮಗ ಅಂತಾರ."

"ಇಲ್ಲಿ ಹಾಗಲ್ಲ. ಇಲ್ಲಿ ಕೈ ಕೊಡೋದು ಅಂದ್ರೆ ಕೈ ಕೊಡೋದೇ."

"ಹಂಗಾದ್ರ ತಗೋರಿ," ಎಂದು ಚಾಚಿದ. ನೂರೆರಡು ಪಾಯಿಂಟ್ ಎರಡು ಇತ್ತು. ನಾನು ಎರಡು ಡಿಗ್ರಿ ತೆಗೆದುಕೊಂಡೆ. ಅವನ ಹುಬ್ಬಿನ ಗಂಟು ಬಿಚ್ಚಿಕೊಂಡದ್ದನ್ನು ನೋಡುತ್ತ ಕೂತೆ. "ನಿಮ್ಮ ಕೈಯಾಗ ಏನೈತ್ರಿ ಅಕ್ಕಾರ? ಬಾವ್ಯಾಗ ಇಳಿದಂಗ ಆತು," ಎಂದ. "ಏನಿಲ್ಲ, ಮಲಕ್ಕೋ," ಎಂದೆ. ಆಮೇಲೆ ಥರ್ಮಾಮೀಟರ್ ಇಟ್ಟು, ಇಪ್ಪತ್ತಾರು ವರ್ಷದ ರೂಢಿಯಂತೆ, ಉಳಿದ ಜ್ವರವನ್ನು ಚೊಕ್ಕವಾಗಿ ಬರೆದೆ. ನೂರು ಪಾಯಿಂಟ್ ಎರಡು.

ಸಂಜೆಯಾದರೆ ಊರೇ ಗಿರಣಿಗೆ ಬರುತ್ತಿತ್ತು. ಒಬ್ಬ ಸಿಪಾಯಿಗೆ ಮೂವರು ನಾಲ್ವರು. ಪರೀಕ್ಷೆ ಹತ್ತಿರ ಬಂದ ಶಾಲೆಯ ಮಕ್ಕಳು ಒಂದೊಂದು ಡಿಗ್ರಿಗಾಗಿ ಬಾಗಿಲಲ್ಲಿ ಕಿತ್ತಾಡುತ್ತಿದ್ದವು, ಅವನ್ನು ನಾನು ಗದರಿಸಿ ಓಡಿಸುತ್ತಿದ್ದೆ. ಗುರುಸಿದ್ದಪ್ಪನೂ ಬಂದು ಕಿರುಬೆರಳು ಮುಟ್ಟಿ ಹೋದ. ಮೇಜರ್ ಇದನ್ನೆಲ್ಲ ನೋಡಿ ಕರಗಿಹೋದರು. "ನಾನು ಎಷ್ಟೋ ಕಡೆ ಕ್ಯಾಂಪ್ ಮಾಡಿದೀನಿ, ಇಷ್ಟು ಪ್ರೀತಿ ಇರೋ ಜನರನ್ನ ಕಾಣಲಿಲ್ಲ," ಎಂದರು. ಪಟ್ಟಿಗಳನ್ನು ನೋಡಿದಾಗಲಂತೂ ಅವರ ಮುಖ ಅರಳುತ್ತಿತ್ತು. ನಲವತ್ತರಲ್ಲಿ ಒಬ್ಬನಿಗೂ ನೂರೊಂದು ದಾಟಿರಲಿಲ್ಲ. ದಿನವೂ ಮೇಲಿನವರಿಗೆ ತಂತಿ ಹೋಗುತ್ತಿತ್ತು.

ಯಮನೂರಿ ದಿನವೂ ಅಣ್ಣನ ವಿಷಯ ಹೇಳುತ್ತಿದ್ದ. ಅಣ್ಣನ ಹೆಸರು ಮಾರುತೆಪ್ಪ. ಅವ್ವ ಅಪ್ಪ ಇಲ್ಲದ ಮನೆಯಲ್ಲಿ ತಮ್ಮನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು, ತಾನು ಮೊದಲು ಪಲ್ಟನ್ ಸೇರಿ ಆಮೇಲೆ ತಮ್ಮನನ್ನು ಸೇರಿಸಿದವನು. ಅವನ ಪಲ್ಟನ್ನೇ ಜೌಗಿಗೆ ಹೋಗುವುದಿತ್ತು. ತಮ್ಮ ಈ ಕ್ಯಾಂಪಿಗೆ ಬರೆದುಕೊಟ್ಟದ್ದೂ ಅದೇ ಕಾರಣಕ್ಕೆ. "ಅಂವ ನನ್ನ ಹೊತ್ತಾನ್ರಿ. ನಾ ಅಂವಗ ಹತ್ತು ದಿನ ಜ್ವರ ಹೊತ್ರ ಏನ್ ಸವೀತೀನಿ?" ಎನ್ನುತ್ತಿದ್ದ. ಹೀಗೆ ಮಾತಾಡುವಾಗ ಅವನ ಕೈ ನನ್ನ ಕೈಯಲ್ಲಿರುತ್ತಿತ್ತು. ಮಕ್ಕಳಿಲ್ಲದ ನನಗೆ ಆ ಏಳು ದಿನ ಮನೆಗೆ ಹೋಗುವುದೇ ಬೇಡವೆನ್ನಿಸುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹೋದಾಗ ಅವನು ಎದ್ದು ಕೂತು ಒಂದು ಕಾರ್ಡು ಓದುತ್ತಿದ್ದ. "ಅಣ್ಣ ಬರದಾನ್ರಿ ಅಕ್ಕಾರ, ಕೇಳ್ರಿ," ಎಂದು ಜೋರಾಗಿ ಓದಿದ. "'ತಮ್ಮಾ, ನಿಮ್ಮ ಕ್ಯಾಂಪಿನ್ಯಾಗ ಯಾರಿಗೂ ಜ್ವರ ಏರಿಲ್ಲ, ಒಂದ ಸೂಜಿ ಸಾಕು ಅಂತ ಸುದ್ದಿ ಬಂದೈತಿ. ನಮ್ಮ ಒಂಬೈನೂರು ಮಂದಿಗೆ ನಿನ್ನೆ ಒಂದೊಂದು ಸೂಜಿ ಹಾಕಿದ್ರು. ಬರೂ ಸೋಮವಾರ ಜೌಗಿಗೆ ಇಳೀತೀವಿ. ನೀ ಇದ್ದೀ ಅಂತ ನನಗ ಅಂಜಿಕಿಲ್ಲ.'" ಕಾರ್ಡನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದ. ಅವನ ಕಿವಿ ಕೂಡ ನಗುತ್ತಿತ್ತು.

ನನ್ನ ಕಿವಿ ಮಾತ್ರ ಹಿಂದಿನ ಸಂಜೆ ಅವನಿಂದ ತೆಗೆದುಕೊಂಡ ಎರಡೂವರೆ ಡಿಗ್ರಿಯಿಂದ ಇನ್ನೂ ಸುಡುತ್ತಿತ್ತು. ಮಂಚಕ್ಕೆ ತೂಗುಹಾಕಿದ್ದ ಪಟ್ಟಿ ನೋಡಿದೆ. ನನ್ನದೇ ಅಕ್ಷರದಲ್ಲಿ ತೊಂಬತ್ತೊಂಬತ್ತು ಪಾಯಿಂಟ್ ಎಂಟು ಎಂದಿತ್ತು. ನಾನು ಮುಟ್ಟುವ ಮುಂಚೆ ಇದ್ದದ್ದು ನೂರೆರಡು ಪಾಯಿಂಟ್ ಮೂರು. ಜೌಗಿನಲ್ಲಿ ನಮ್ಮೂರಿನವರು ಇರುವುದಿಲ್ಲ. ಅಲ್ಲಿ ಬಂದ ಜ್ವರವೇ ಉಳಿದ ಜ್ವರ.

"ಯಾಕ್ರಿ ಅಕ್ಕಾರ, ಮಾರಿ ಯಾಕ್ ಹಂಗ ಮಾಡೀರಿ?" ಎಂದ ಯಮನೂರಿ. ನಾನು ಪಟ್ಟಿ ಕಿತ್ತುಕೊಂಡು ಮೇಜರ್ ಕೋಣೆಗೆ ಓಡಿದೆ.

ಮೇಜರ್ ಕಾಫಿಯ ಲೋಟ ಹಿಡಿದುಕೊಂಡು ಸುಮ್ಮನೆ ಕೂತಿದ್ದರು, ಕುಡಿಯುತ್ತಿರಲಿಲ್ಲ. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೊನೆಗೆ, "ಶಾಕಾಂಬರಿ, ನಿಮಗೆ ಸುಸ್ತಾಗಿದೆ. ಎರಡು ದಿನ ರಜ ತಗೊಳ್ಳಿ," ಎಂದರು. ಅಷ್ಟರಲ್ಲಿ ನನ್ನ ಕಣ್ಣು ಅವರ ಮೂಗಿನ ತುದಿಯ ಮೇಲೆ ಬಿತ್ತು, ಕೆಂಪಗಿತ್ತು. ನೆಗಡಿ ಜ್ವರ. ಯಾರಿಗೂ ಹೇಳದೆ ಮೂರು ದಿನದಿಂದ ಓಡಾಡುತ್ತಿದ್ದರೆಂದು ಕಾಣುತ್ತದೆ.

"ನಿಮಗೆಷ್ಟಿದೆ ನೋಡ್ಕೊಳ್ಳಿ," ಎಂದು ಥರ್ಮಾಮೀಟರ್ ಕೊಟ್ಟೆ. ನೂರು ಪಾಯಿಂಟ್ ಎಂಟು ಇತ್ತು. "ಈಗ ಕೈ ಕೊಡಿ," ಎಂದೆ. ಕೊಟ್ಟರು. ನಾನು ಎರಡು ಡಿಗ್ರಿ ಪೂರ್ತಿ ತೆಗೆದುಕೊಂಡೆ. ಮೊದಲೇ ಮೈಯಲ್ಲಿ ಯಮನೂರಿಯದು ಇತ್ತು, ತಲೆ ಗಿರ್ರೆಂದಿತು. ಮೇಜರ್‌ರ ಬೆನ್ನು ಮೊದಲ ಸಲ ಕುರ್ಚಿಗೆ ಒರಗಿತು. ಕಣ್ಣು ಮುಚ್ಚಿಕೊಂಡರು, ರೆಪ್ಪೆ ಅದುರಿತು. ಬಹಳ ವರ್ಷಗಳಿಂದ ಯಾರೂ ಅವರನ್ನು ಹೇಗಿದ್ದೀಯ ಎಂದು ಕೇಳಿರಲಿಲ್ಲವೇನೋ. ಆಮೇಲೆ ಥರ್ಮಾಮೀಟರ್ ತಾವೇ ಇಟ್ಟುಕೊಂಡು ನೋಡಿದರು. ಒದರಿ ಇನ್ನೊಂದು ಸಲ ಇಟ್ಟು ನೋಡಿದರು.

"ನಲವತ್ತು ಜನಕ್ಕೂ ಹೀಗೇ ಮಾಡಿದ್ರಾ?"

"ಊರೆಲ್ಲಾ ಸೇರಿ ಮಾಡಿದ್ವಿ."

"ನೀವು ನನಗೆ ಕೈ ಕೊಟ್ರಲ್ರೀ!" ಎಂದು ಮೇಜು ಗುದ್ದಿದರು. ಕಾಫಿ ಚೆಲ್ಲಿತು.

"ಕೈ ಹಿಡೀರಿ ಅಂದೋರು ನೀವೇ ಅಲ್ವಾ ಅಮ್ಮ?" ಎಂದೆ. ನನಗೆ ಅಳು ಬಂದುಬಿಟ್ಟಿತ್ತು. "ಮಧ್ಯದಲ್ಲಿ ಬಿಡಬೇಡಿ ಅಂದಿರಿ. ನಾವು ಬಿಡಲಿಲ್ಲ."

ಮೇಜರ್ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟು ಬಂತು, ಹೋಯಿತು, ನಗುವೂ ಬಂದು ಹೋಯಿತು. "ಆ ಭಾಷಣಾನ ನಾನು ಎಲ್ಲ ಊರಲ್ಲೂ ಮಾಡ್ತೀನಿ," ಎಂದರು ಮೆಲ್ಲಗೆ. ಮರುಕ್ಷಣವೇ ಎದ್ದು ನಿಂತು, ಸೋಮವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳಲ್ಲಿ ಎಣಿಸಿದರು. ನಾಲ್ಕು ದಿನ ಇತ್ತು.

ಮೊದಲು, ಯಾರು ಯಾರಿಂದ ಎಷ್ಟು ತೆಗೆದುಕೊಂಡರೆಂದು ಕೇಳಿ ಪಟ್ಟಿಗಳನ್ನು ತಿದ್ದಿದರಾಯಿತು ಎಂದುಕೊಂಡರು. ಊರಿನವರನ್ನು ಅಂಗಳಕ್ಕೆ ಕರೆಸಿದರು. ಜನ ನಾಚಿಕೆಯಿಂದ ತಲೆ ತಗ್ಗಿಸಿ ನಿಂತರು. ಹೇಳಬಾರದ್ದನ್ನು ಹೇಳಿಸುತ್ತಿದ್ದರಲ್ಲ. ಗುರುಸಿದ್ದಪ್ಪ ಮುಂದೆ ಬಂದು, "ಮೂರು ಡಿಗ್ರಿ, ದಿನಾ," ಎಂದ. ಯಾರೋ ಕಿಸಕ್ಕೆಂದರು. ತಿಪ್ಪಕ್ಕಜ್ಜಿಯನ್ನು ಕೇಳಿದರೆ, "ನಾನೆಲ್ಲಿ ತಗೊಂಡೆ ತಾಯಿ, ಸುಮ್ನೆ ಮಾತಾಡಿಸ್ಕೊಂಡು ಹೋಗಕ್ಕೆ ಬರ್ತಿದ್ದೆ," ಎಂದಳು. ಏಳು ದಿನ ಅವಳು ಹೊತ್ತದ್ದು ಏನಿಲ್ಲೆಂದರೂ ಹದಿನೈದು ಡಿಗ್ರಿ. ಕೊಟ್ಟ ಲೆಕ್ಕವನ್ನೆಲ್ಲ ಕೂಡಿಸಿದರೆ ಕೆಲವು ಸಿಪಾಯಿಗಳಿಗೆ ನೂರಹತ್ತು ಬಂದಿರಬೇಕಾಗುತ್ತಿತ್ತು, ಕೆಲವರಿಗೆ ಜ್ವರವೇ ಬಂದಿಲ್ಲವೆಂದಾಗುತ್ತಿತ್ತು. ಮೇಜರ್ ಕಾಗದವನ್ನು ಮಡಚಿಟ್ಟರು.

"ಎಂಟನೇ ದಿನ, ಒಂಬತ್ತನೇ ದಿನ. ಈ ಜ್ವರ ಎತ್ತರಕ್ಕೆ ಏರೋದೇ ಆಗ," ಎಂದರು. "ಆ ಎರಡು ದಿನ ಯಾರೂ ಮುಟ್ಟದೇ ಇದ್ರೆ ಸಾಕು, ನಿಜ ಗೊತ್ತಾಗುತ್ತೆ."

ಸಿಪಾಯಿಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಇಷ್ಟು ದಿನ ನಿಮ್ಮ ಜ್ವರವನ್ನು ಈ ಊರು ಹೊತ್ತಿದೆ, ನಾಳೆಯಿಂದ ನೀವೇ ಹೊರಬೇಕು, ಬೇಡವೆನ್ನುವವರು ಈಗಲೇ ಮದ್ದು ತೆಗೆದುಕೊಂಡು ಮನೆಗೆ ಹೋಗಬಹುದು ಎಂದರು. ಯಾರೂ ಏಳಲಿಲ್ಲ. ಯಮನೂರಿ ನನ್ನ ಕಡೆ ತಿರುಗಿ, "ಅಕ್ಕಾರ, ಇಷ್ಟು ದಿನ ಹೇಳಲೇ ಇಲ್ಲಲ್ರಿ," ಎಂದ. ಆಮೇಲೆ, "ನೀವು ಪಟ್ಟಿ ಖರೇ ಬರೀರಿ. ನಾ ಒದರಾಡಿದ್ರೂ ಕೇಳಬ್ಯಾಡ್ರಿ. ನಮ್ಮಣ್ಣನ ಮ್ಯಾಲ ಆಣಿ," ಎಂದ.

ಎಂಟನೆಯ ದಿನ ಗಿರಣಿಯ ಬಾಗಿಲು ಹಾಕಿದರು. ಒಳಗೆ ಮಿಲಿಟರಿಯವರನ್ನು ಬಿಟ್ಟರೆ ಊರಿನವಳು ನಾನೊಬ್ಬಳೇ. ಬೇರೆಯವರನ್ನು ಇಟ್ಟುಕೊಳ್ಳಿ ಎಂದು ನಾನೇ ಮೇಜರ್‌ಗೆ ಹೇಳಿದ್ದೆ. "ತಪ್ಪು ಬರೆದ ಕೈಯೇ ಸರಿ ಬರೀಲಿ," ಎಂದರು. ಅದು ಶಿಕ್ಷೆಯೋ ನಂಬಿಕೆಯೋ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಥರ್ಮಾಮೀಟರನ್ನು ಇಕ್ಕುಳದಲ್ಲಿ ಹಿಡಿದು ಬಾಯಿಗಿಡುವುದು, ಇಕ್ಕುಳದಲ್ಲೇ ತೆಗೆಯುವುದು. ಬೆಳಗಿನ ಸುತ್ತಿನಲ್ಲೇ ಕೆಲವು ಮಂಚಗಳು ಬೇರೆಯಾಗಿ ಕಂಡವು. ಅರ್ಧದಷ್ಟು ಹುಡುಗರು ಕೂತು ಇಸ್ಪೀಟು ಆಡುತ್ತಿದ್ದರು, ಇನ್ನರ್ಧ ಹುಡುಗರು ಗೋಡೆಯ ಕಡೆ ತಿರುಗಿ ನಡುಗುತ್ತಿದ್ದರು. ಲಕೋಟೆ ಒಡೆಯದೆಯೇ ನನಗೆ ಗೊತ್ತಾಯಿತು.

ಮಧ್ಯಾಹ್ನ ನಾಲ್ಕರ ಸುತ್ತಿಗೆ ಯಮನೂರಿಗೆ ನೂರಮೂರು ಪಾಯಿಂಟ್ ನಾಲ್ಕು. ಅವನ ತುಟಿ ಒಡೆದಿತ್ತು. ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಯಾರನ್ನೋ "ಅಣ್ಣಾ, ಇಳಸು, ಕಾಲು ಸುಡತಾವು," ಎಂದು ಬೇಡುತ್ತಿದ್ದ. ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗಬೇಕಾಗಿತ್ತು, ಹೋದೆ. ನಲವತ್ತೂ ಮುಗಿಸಿ ವಾಪಸು ಬಂದು ಸ್ಟೂಲಿನ ಮೇಲೆ ಕೂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತೆ.

ಅವನಿಗೆ ಅಷ್ಟರಲ್ಲಿ ಒಂದು ಕ್ಷಣ ತಿಳಿವು ಬಂದಿರಬೇಕು. ನನ್ನ ಕಡೆ ತಿರುಗಿದ. ಅಂಗೈ ಮೇಲೆ ಮಾಡಿ ತೋಳು ಚಾಚಿದ. "ಅಕ್ಕಾರ," ಎಂದ. "ಕೈ ಕೊಡ್ರಿ."

ನಾನು ಕೂತೇ ಇದ್ದೆ.

"ಅಕ್ಕಾರ, ಒಂದ ಸಲ. ನೀವು ಕಲಿಸಿದ್ದ ಐತಲ್ರಿ. ಕೈ ಕೊಡ್ರಿ."

ಆ ಕೈಗೂ ನನಗೂ ಒಂದು ಮೊಳ ದೂರ ಇರಲಿಲ್ಲ. ಮುಟ್ಟದೆಯೇ ಅದರ ಕಾವು ನನ್ನ ಮುಖಕ್ಕೆ ತಗಲುತ್ತಿತ್ತು. ಲಾಡ್ಜಿನ ಮಂಚದ ಮೇಲೆ ನನ್ನ ಗಂಡನೂ ಹೀಗೇ ಕೈ ಚಾಚಿರಬಹುದು ಎಂದು ಹೊಳೆಯಿತು. ಒಂದೇ ಒಂದು ಡಿಗ್ರಿ, ಯಾರಿಗೂ ತಿಳಿಯುವುದಿಲ್ಲ ಎಂದಿತು ಮನಸ್ಸು. ಬಲಗೈ ತೊಡೆಯ ಕೆಳಗಿಂದ ಅರ್ಧ ಹೊರಗೆ ಬಂದೂ ಬಂತು. ದಿಂಬಿನ ಪಕ್ಕದಲ್ಲಿ ಮಾರುತೆಪ್ಪನ ಕಾರ್ಡು ಇತ್ತು. 'ನೀ ಇದ್ದೀ ಅಂತ ನನಗ ಅಂಜಿಕಿಲ್ಲ.' ನಾನು ಆ ಕೈಯಿಂದ ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡೆ. ನಾನು ಬಲ್ಲ ಭಾಷೆಯಲ್ಲಿ ಕೈ ಕೊಡಲಿಲ್ಲ. ಅವನ ಭಾಷೆಯಲ್ಲಿ, ನಂಬಿದವನನ್ನು ನಡುನೀರಿನಲ್ಲಿ ಬಿಟ್ಟು, ಕೈ ಕೊಟ್ಟೆ. ಅವನ ಕೈ ಬಹಳ ಹೊತ್ತು ಹಾಗೇ ಚಾಚಿಕೊಂಡಿದ್ದು, ಆಮೇಲೆ ಕೆಳಗೆ ಜೋತುಬಿತ್ತು. ಅದನ್ನು ಎತ್ತಿ ಹೊದಿಕೆಯ ಒಳಗಿಡುವುದಕ್ಕೂ ನಾನು ಮಿಲಿಟರಿಯ ಒಬ್ಬರನ್ನು ಕರೆಯಬೇಕಾಯಿತು.

ಕಿಟಕಿಯ ಆಚೆ ಊರಿನವರೆಲ್ಲ ಬಂದು ನಿಂತಿದ್ದರು. ಯಾರೂ ಗಲಾಟೆ ಮಾಡಲಿಲ್ಲ. ಸೊಳ್ಳೆ ಜಾಲರಿಗೆ ಅಂಗೈ ಒತ್ತಿ ನಿಂತಿದ್ದರು, ತಿಪ್ಪಕ್ಕಜ್ಜಿ ಎರಡೂ ಅಂಗೈ ಒತ್ತಿದ್ದಳು. ಗುರುಸಿದ್ದಪ್ಪ ಕೂಡ, ಆಶ್ಚರ್ಯವೆಂದರೆ, ಇಡೀ ಅಂಗೈ ಒತ್ತಿದ್ದ. ಜಾಲರಿಯ ಮೂಲಕ ಏನೂ ದಾಟುವುದಿಲ್ಲವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕತ್ತಲಾಗುವವರೆಗೆ ನಿಂತಿದ್ದರು.

ಐದೂಕಾಲಿಗೆ ಯಮನೂರಿಗೆ ನೂರನಾಲ್ಕು ಮುಟ್ಟಿತು. ಬರೆದೆ. ಮೇಜರ್ ಬಂದು ಪಟ್ಟಿ ನೋಡಿ, ಮಂಜುಗಡ್ಡೆಯ ಪೆಟ್ಟಿಗೆ ತೆರೆಸಿ ಮದ್ದು ಕೊಟ್ಟರು. ಮರುದಿನ ಸಂಜೆಯೊಳಗೆ ಇನ್ನೂ ಹದಿನೆಂಟು ಜನಕ್ಕೆ ಕೊಡಬೇಕಾಯಿತು. ಲಕೋಟೆ ಒಡೆದಾಗ ಆ ಹತ್ತೊಂಬತ್ತೂ ಒಂದು ಸೂಜಿಯವರೇ. ಎರಡು ಸೂಜಿಯವರಲ್ಲಿ ಒಬ್ಬನಿಗೂ ನೂರೊಂದು ದಾಟಲಿಲ್ಲ, ಅವರಿಗೆ ನಮ್ಮ ಕೈ ಬೇಕಾಗಿಯೇ ಇರಲಿಲ್ಲ. ಮೇಜರ್ ತಂತಿಯನ್ನು ತಾವೇ ಒಯ್ದು ಕೊಟ್ಟುಬಂದರು. ಪಲ್ಟನ್ ಇಳಿಯಬಾರದು, ಎರಡನೆಯ ಸೂಜಿ ಆಗುವ ತನಕ ಕಾಯಬೇಕು, ತಪ್ಪು ತನ್ನದು ಎಂದು ಅದರಲ್ಲಿ ಬರೆದಿದ್ದರು. ಊರಿನ ಹೆಸರನ್ನಾಗಲಿ ನನ್ನ ಹೆಸರನ್ನಾಗಲಿ ಬರೆದಿರಲಿಲ್ಲ.

ಎಲ್ಲ ಹುಡುಗರೂ ಚೇತರಿಸಿಕೊಂಡರು. ಹೊರಡುವ ದಿನ ಊರೆಲ್ಲ ಲಾರಿಗಳ ಹತ್ತಿರ ಸೇರಿತ್ತು. ನಾನು ಹೋಗಲಿಲ್ಲ. ಗಿರಣಿಯ ಹಿಂದೆ ಹೊದಿಕೆ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದೆ. 'ಅಕ್ಕಾರ ಎಲ್ಲೀರಿ?' ಎಂದು ಯಮನೂರಿ ಯಾರನ್ನೋ ಕೇಳುವುದು ಕೇಳಿಸಿತು. ಆ ಕೈಯನ್ನು ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ. ಮೇಜರ್ ಮಾತ್ರ ಹುಡುಕಿಕೊಂಡು ಬಂದು, ಹತ್ತಿರ ಕೂತು, ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಹೊರಗಿನವರು, ಅವರು ಹಿಡಿದರೆ ಏನೂ ದಾಟುವುದಿಲ್ಲ. ಆದರೂ ಸ್ವಲ್ಪ ಹಗುರವಾಯಿತು.

ಆಮೇಲೆ ನಾನು ಮೊದಲಿನ ಹಾಗೆ ಇರಲಿಲ್ಲ. ಊರಿನಲ್ಲಿ ಯಾರಿಗಾದರೂ ಜ್ವರ ಬಂದರೆ ಹೋಗುತ್ತಿದ್ದೆ, ಹಿಡಿಯುತ್ತಿದ್ದೆ. ಆದರೆ 'ಕೈ ಕೊಡು' ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ, ಸುಮ್ಮನೆ ತೋಳು ಚಾಚುತ್ತಿದ್ದೆ. ಜನಕ್ಕೆ ಅರ್ಥವಾಗಿತ್ತು, ಯಾರೂ ಕೆದಕಲಿಲ್ಲ. ಗಿರಣಿಗೆ ಮತ್ತೆ ಬೀಗ ಬಿತ್ತು.

ಹನ್ನೊಂದು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಬೀದಿಯ ತುದಿಯಿಂದ ಒಬ್ಬ ಸಿಪಾಯಿ ಮನೆಮನೆ ಕೇಳಿಕೊಂಡು ಬರುತ್ತಿದ್ದ. ಯಮನೂರಿಯಷ್ಟು ಉದ್ದವಿರಲಿಲ್ಲ, ಮೀಸೆಯಲ್ಲಿ ಒಂದೆರಡು ಬಿಳಿ ಇತ್ತು. ಆದರೆ ಕಿವಿಗಳು ತಲೆಯಿಂದ ಅಗಲಕ್ಕೆ ನಿಂತಿದ್ದವು. ನಾನು ಮೊರ ಕೆಳಗಿಟ್ಟೆ.

"ಶಾಕಾಂಬರಿ ಅಕ್ಕಾರು ನೀವ ಏನ್ರಿ?" ಎಂದ. "ನಾ ಮಾರುತೆಪ್ಪ. ಜೌಗಿನಿಂದ ರಜಾ ಮ್ಯಾಲ ಬಂದೀನ್ರಿ. ಎಂಟು ತಿಂಗಳು ಇದ್ವಿ. ಸೊಳ್ಳಿ ಕಡೀಲಾರದ ದಿನ ಇಲ್ಲ. ಒಂಬೈನೂರು ಮಂದಿ ಇಳದ್ವಿ, ಜ್ವರಕ್ಕ ಒಬ್ಬನೂ ಹೋಗಲಿಲ್ರಿ."

"ತಮ್ಮ ಹೇಗಿದಾನೆ?" ಎಂದೆ.

"ಅಂವ ಆರಾಮ ಅದಾನ್ರಿ, ಬ್ಯಾರೇ ಕಡಿ ಡ್ಯೂಟಿ. ಅಕ್ಕಾರ ಮುಂದ ಹಿಂಗ ಹೇಳು ಅಂತ ಹೇಳಿ ಕಳಿಸ್ಯಾನ." ಮಾರುತೆಪ್ಪ ಟೋಪಿ ತೆಗೆದ. ಶಾಲೆಯ ಹುಡುಗ ಪದ್ಯ ಒಪ್ಪಿಸುವಂತೆ ನೆಟ್ಟಗೆ ನಿಂತು ಹೇಳಿದ. "'ಅಣ್ಣಾ, ಅವತ್ತ ಅಕ್ಕಾರು ನನಗ ಕೈ ಕೊಟ್ರು. ಕೊಟ್ಟಿದ್ದಕ್ಕ ನೀ ಬದುಕೀದಿ. ಎರಡೂ ಅರ್ಥದಾಗ ಹೇಳಿಬಾ.' ಎರಡು ಅರ್ಥ ಏನಂತ ನನಗ ತಿಳೀಲಿಲ್ರಿ. ನಿಮಗ ತಿಳೀತದ ಅಂದ."

ನನಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವನು ಗಾಬರಿಯಾಗಿ ಜಗುಲಿಯ ಅಂಚಿಗೆ ಕೂತು, "ಅಳಬ್ಯಾಡ್ರಿ ಅಕ್ಕಾರ," ಎನ್ನುತ್ತ ಕೈ ಮುಂದೆ ಚಾಚಿದ, ಏನು ಮಾಡಬೇಕೆಂದು ತಿಳಿಯದವನ ಹಾಗೆ.

"ಎಲ್ಲಿ, ಕೈ ಕೊಡು," ಎಂದೆ. ಹನ್ನೊಂದು ತಿಂಗಳ ಮೇಲೆ ಆ ಮಾತು ಬಾಯಿಗೆ ಬಂದಿತ್ತು.

ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒರಟು ಕೈ, ಹೆಬ್ಬೆರಳ ಬುಡದಲ್ಲಿ ಸೊಳ್ಳೆ ಕಚ್ಚಿದ ಹಳೆಯ ಕಲೆಗಳು. ನನ್ನ ಕಿವಿ ಬಿಸಿಯಾಗಲಿಲ್ಲ, ಮಂಡಿ ನೋಯಲಿಲ್ಲ. ಎಷ್ಟು ಹೊತ್ತು ಹಿಡಿದು ಕೂತರೂ ತೆಗೆದುಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ತೊಂಬತ್ತೆಂಟು ಪಾಯಿಂಟ್ ನಾಲ್ಕು.